ಟ್ಯಾಬ್ ಹೊಡೀಬೇಕಿತ್ತಂತೆ

ಒಂದು ಬಿಲ್ಡ್ ಟೂಲ್, ಅಂದ್ರೆ ಸೋರ್ಸ್ ಕೋಡನ್ನ ಓಡೋ ಪ್ರೋಗ್ರಾಂ ಮಾಡಿಕೊಡೋ ಸಾಧನ. "ಇದು ಡೆಬಿಯನ್ನಲ್ಲಿ ಇಲ್ವಾ?" ಅಂತ ಯಾರೋ ಕೇಳಿದ್ರು, ಡೆಬಿಯನ್ ಅಂದ್ರೆ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಸುಮ್ನಿರಬಹುದಿತ್ತು. "ನಾನು ಮಾಡ್ತೀನಿ ಬಿಡಿ" ಅಂದ್ಬಿಟ್ಟೆ. ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕೊಳ್ಳೋದು ಅಂದ್ರೆ ಇದೇ. ಬಾಯಲ್ಲಿ ಹೇಳಿದ್ರೆ ಸಾಲದು, ಐಟಿಪಿ ಅಂತ ಹಾಕಬೇಕು, ಅಂದ್ರೆ ಇದನ್ನ ಪ್ಯಾಕೇಜ್ ಮಾಡೋ (ಡೆಬಿಯನ್ನಲ್ಲಿ ಹಾಕ್ಕೊಳ್ಳೋ ಹಂಗೆ ಕಟ್ಟಿಕೊಡೋ) ಉದ್ದೇಶ ನನಗಿದೆ ಅಂತ ಊರಿಗೆಲ್ಲ ಡಂಗುರ. ಅದನ್ನ ಹಾಕೋದು ಬಗ್ ಟ್ರ್ಯಾಕರಲ್ಲಿ, ಪ್ರೋಗ್ರಾಂ ತಪ್ಪುಗಳನ್ನ ದಾಖಲಿಸೋ ಪಟ್ಟೀಲಿ. ಕೆಲಸ ಶುರುವಾಗೋಕೆ ಮುಂಚೇನೇ ನನ್ನ ಉದ್ದೇಶ ಒಂದು ಬಗ್ ಅಂತ ನಂಬರ್ ಸಮೇತ ದಾಖಲಾಗಿತ್ತು, ಆಗ್ಲೇ ಅರ್ಥ ಮಾಡ್ಕೋಬೇಕಿತ್ತು.

ಟೂಲ್ ಹೆಸರು ಹೇಳಲ್ಲ. ಅದೇ ಕೆಲಸದ ಹಳೇ ಟೂಲ್ ಮೇಕ್ ಕಾಲ ಮುಗೀತು, ಇನ್ನು ನಾವೇ ಅನ್ನೋ ಧಾಟಿ ಅದರದ್ದು. ಮುಗೀಲಿ, ನನಗೇನು. ಆದ್ರೆ ಅದನ್ನ ಪ್ಯಾಕೇಜ್ ಮಾಡೋಕೆ ರೂಲ್ಸ್ ಅಂತ ಒಂದು ಫೈಲ್ ಬೇಕು, ಆ ಫೈಲು ಮೇಕ್ ಓದೋ ಮೇಕ್‌ಫೈಲೇ ಆಗಿರಬೇಕು ಅಂತ ಡೆಬಿಯನ್ ಪಾಲಿಸೀಲೇ ಬರೆದಿದೆ. ತಾತ ಸತ್ತ ಅಂತ ಸಾರ್ಕೊಂಡು ಬಂದ ಮೊಮ್ಮಗನನ್ನ ತಾತನೇ ಕೈ ಹಿಡಿದು ಒಳಗೆ ಕರ್ಕೊಂಡು ಬಂದಂಗೆ.

ಫೈಲು ಮೂರೇ ಸಾಲು. ರನ್ ಮಾಡಿದ್ರೆ ಮೇಕ್ "ಮೂರನೇ ಸಾಲು, ಮಿಸ್ಸಿಂಗ್ ಸೆಪರೇಟರ್" ಅಂತು, ಪಕ್ಕದಲ್ಲೇ "ಎಂಟು ಸ್ಪೇಸ್ ಬದಲು ಟ್ಯಾಬ್ ಅಂದ್ಕೊಂಡಿದ್ರಾ?" ಅಂತಾನೂ ಕೇಳ್ತು. ನೋಡಿ ಇದು ನನಗೆ ತಡ್ಕೊಳ್ಳೋಕಾಗದ ವಿಷ್ಯ. ಅಲ್ಲಿ ಕಮಾಂಡ್ ಸಾಲು ಟ್ಯಾಬಿಂದ ಶುರುವಾಗಬೇಕು, ನನ್ನ ಎಡಿಟರ್ ಆ ಟ್ಯಾಬನ್ನ ಸ್ಪೇಸ್ ಮಾಡಿತ್ತು, ಒಪ್ತೀನಿ. ಆದ್ರೆ ನಾನೇನು ತಪ್ಪು ಮಾಡಿದೀನಿ ಅಂತ ನಿನಗೆ ಗೊತ್ತು, ಎಷ್ಟು ಸ್ಪೇಸ್ ಅಂತ ಎಣಿಸೂ ಆಯ್ತು, ಇಷ್ಟೆಲ್ಲ ಗೊತ್ತಿದ್ದೂ ಮಾಡಲ್ಲ ಅಂದ್ರೆ ಅದು ಎರರ್ ಅಲ್ಲ ಕಣ್ರೀ, ಕೌಂಟರ್ ಒಳಗಿಂದ "ಫಾರಂ ನೀಲಿ ಇಂಕಲ್ಲಿ ತುಂಬಬೇಕಿತ್ತು" ಅನ್ನೋ ದನಿ.

ಈ ಟ್ಯಾಬ್ ಬಂದಿದ್ದು ಹೆಂಗೆ ಅಂದ್ರೆ, 1976ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದಾಗ ಫೈಲನ್ನ ಓದಿ ಅರ್ಥ ಮಾಡ್ಕೊಳ್ಳೋ ಕೋಡ್ ಬರೆದುಕೊಡೋ ಯಾಕ್, ಲೆಕ್ಸ್ ಅನ್ನೋ ಟೂಲ್ ಎರಡೂ ಹೊಸವು, ಲೆಕ್ಸ್ ಜೊತೆ ಗುದ್ದಾಡಿ ಸಾಕಾಗಿ, ಸಾಲಿನ ಮೊದಲಿಗೆ ಟ್ಯಾಬ್ ಅಂತ ಸುಲಭದ್ದು ಮಾಡಿ ಬಿಟ್ರಂತೆ. ಕೆಲವೇ ವಾರದಲ್ಲಿ ಬಳಸೋರು ಸುಮಾರು ಹನ್ನೆರಡು ಜನ ಆದ್ರು, ಬಹುಪಾಲು ಸ್ನೇಹಿತರೇ, ಅವರಿಗ್ಯಾಕೆ ತೊಂದ್ರೆ ಅಂತ ಬದಲಾಯಿಸ್ಲಿಲ್ಲ. ಹೀಗಂತ ಅವರೇ ಹೇಳ್ಕೊಂಡಿದ್ದಾರೆ. 2003ರಲ್ಲಿ ಮೇಕ್‌ಗೆ ಎಸಿಎಂ ಅನ್ನೋ ಕಂಪ್ಯೂಟರ್ ಸಂಘದ ಪ್ರಶಸ್ತೀನೂ ಬಂತು, ಬರಲೇಬೇಕಾಗಿದ್ದೇ. ನನ್ನ ತಕರಾರು ಅವರ ಮೇಲಲ್ಲ, ಆ ಹನ್ನೆರಡು ಜನರ ಮೇಲೆ. ಒಬ್ಬರಾದ್ರೂ "ಪರವಾಗಿಲ್ಲ ಮಾರಾಯ, ಬದಲಾಯಿಸು, ನಮ್ಮ ಫೈಲು ನಾವು ಸರಿ ಮಾಡ್ಕೋತೀವಿ" ಅನ್ನಬಾರದಿತ್ತಾ? ಒಂದು ಮಧ್ಯಾಹ್ನದ ಕೆಲಸ! ಅವರು ಉಳಿಸ್ಕೊಂಡ ಆ ಮಧ್ಯಾಹ್ನದ ಬಡ್ಡೀನ ಇವತ್ತಿಗೂ ಕಟ್ತಾ ಇರೋರು ನಾವು. ಅವರು ಯಾರು ಅಂತ ಒಂದು ಸಂಜೆ ಹುಡುಕಿದ್ದೂ ಆಯ್ತು, ಪ್ಯಾಕೇಜ್ ಮಾಡೋಕೆ ಅಂತ ಎತ್ತಿಟ್ಟ ಸಂಜೆ ಅದು.

ಟ್ಯಾಬ್ ಹೊಡೆದೆ, ಮುಂದಕ್ಕೆ ಹೋಯ್ತು, ಹತ್ತು ಹೆಜ್ಜೆ. ಈ ಟೂಲನ್ನ ಬಿಲ್ಡ್ ಮಾಡೋಕೆ ಈ ಟೂಲೇ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಮಿಕ್ಕಿದ್ದನ್ನ ನೆಟ್‌ನಿಂದ ಇಳಿಸ್ಕೋತೀನಿ ಅನ್ನುತ್ತೆ, ಡೆಬಿಯನ್ನಲ್ಲಿ ಬಿಲ್ಡ್ ಆಗೋವಾಗ ನೆಟ್ ಮುಟ್ಟೋ ಹಂಗಿಲ್ಲ. ಯಾವ ಕೋಡ್ ಯಾರದ್ದು, ಯಾವ ಲೈಸೆನ್ಸ್ ಅಂತ ಬರೆಯೋ ಕಾಪಿರೈಟ್ ಫೈಲ್ ಬಗ್ಗೆ ಈಗ ಬೇಡ, ಬಿಪಿ ಇದೆ.

ಅಷ್ಟರಲ್ಲಿ ಆ ಟೂಲಿನೋರ ಹೊಸ ರಿಲೀಸ್ ಬಂತು. ಕಾನ್ಫಿಗ್ ಫೈಲಿನ ಸಿಂಟ್ಯಾಕ್ಸ್ ಪೂರ್ತಿ ಬದಲಾಯಿಸಿದಾರೆ, ಹಳೇದು ಓಡಲ್ಲ, ಎಲ್ಲರೂ ತಿದ್ದಿಕೊಳ್ಳಿ ಅಂತ ಒಂದೇ ಸಾಲು. ನನಗೆ ಎಂಥ ಸಿಟ್ಟು ಬಂತು ಅಂದ್ರೆ, ಬಳಸೋರ ಬಗ್ಗೆ ಒಂಚೂರಾದ್ರೂ ಯೋಚನೆ ಬೇಡ್ವಾ ಇವರಿಗೆ ಅಂತ ಜೋರಾಗೇ ಅಂದ್ಬಿಟ್ಟೆ. ಆಮೇಲೆ ಸುಮ್ನಾದೆ. ಈಗ ಪ್ಯಾಕೇಜಿನ ಬದಲಾವಣೆ ಬರೆಯೋ ಚೇಂಜ್‌ಲಾಗ್ ತೆಗೆದು ಕೂತಿದೀನಿ, ಅದರಲ್ಲಿ ತಾರೀಖಿಗೆ ಮುಂಚೆ ಸರಿಯಾಗಿ ಎರಡು ಸ್ಪೇಸ್ ಇರಬೇಕು, ಅಲ್ಲಿ ಟ್ಯಾಬ್ ಆಗಲ್ಲವಂತೆ.