ಮೋಸ್ಲಿ ಹೆಸ್ರೇ ಇಲ್ವಲ್ಲ
ಆವರ್ತಕ ಕೋಷ್ಟಕದ (ಧಾತುಗಳ್ನ ಗುಣದ ಪ್ರಕಾರ ಜೋಡಿಸಿದ ಪಟ್ಟಿ) ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಸರ್, ಆದ್ರೆ 1869ರಲ್ಲಿ ರಷ್ಯಾದ ರಸಾಯನ ವಿಜ್ಞಾನಿ ಮೆಂಡಲೀವ್ ಎಲ್ಲಾ ಧಾತುಗಳ್ನ ಪರಮಾಣು ತೂಕದ ಪ್ರಕಾರನೇ ಜೋಡಿಸಿದ್ರು ಅಂತ ಬರ್ದಿದೀರಲ್ಲ, ಅದು ಪೂರ್ತಿ ಹಾಗಲ್ಲ. ಅಯೋಡಿನ್ ತೂಕ 127, ಟೆಲ್ಲೂರಿಯಂದು 128, ಆದ್ರೂ ಟೆಲ್ಲೂರಿಯಂನೇ ಮುಂಚೆ ಇಟ್ರು, ಯಾಕಂದ್ರೆ ಗುಣ ನೋಡಿದ್ರೆ ಅಯೋಡಿನ್ ಕ್ಲೋರಿನ್ ಬ್ರೋಮಿನ್ ಸಾಲಲ್ಲೇ ಕೂರ್ಬೇಕು, ಹಾಗಾಗಿ ಆ 128ರ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿದ್ರು, ತೂಕ ಅಳೆದಿದ್ದೇ ತಪ್ಪಿರ್ಬೇಕು ಅಂತ. ತೂಕ ಸರಿಯಾಗೇ ಇತ್ತು! ಸಾಲು ನಿಲ್ಸೋಕೆ ಬೇಕಾಗಿದ್ದು ಪರಮಾಣು ಸಂಖ್ಯೆ (ಪರಮಾಣುವಿನ ಒಳಗಿರೋ ಪ್ರೋಟಾನ್‌ಗಳ ಎಣಿಕೆ) ಅಂತ 1913ರಲ್ಲಿ ಎಕ್ಸ್‌ರೇ ಪ್ರಯೋಗದಿಂದ ತೋರ್ಸಿದ್ದು ಇಂಗ್ಲೆಂಡಿನ ಭೌತ ವಿಜ್ಞಾನಿ ಹೆನ್ರಿ ಮೋಸ್ಲಿ. ಆ ಸಂಖ್ಯೆ ಟೆಲ್ಲೂರಿಯಂಗೆ 52, ಅಯೋಡಿನ್‌ಗೆ 53. ಪಾಪ, 1915ರಲ್ಲಿ ಮೊದಲನೇ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ತೀರ್ಕೊಂಡ್ರು, ಬರೀ 27 ವರ್ಷ, ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ದಯವಿಟ್ಟು ಅವ್ರ ಬಗ್ಗೆ ಒಂದು ಪ್ಯಾರಾ ಸೇರ್ಸಿ ಸರ್.