ಮಣಿಯ ಬಟ್ಟಲಿಗೆ ಚೌಕಾಸಿ ಮಾಡಬೇಡಿ

ಡಿಸೆಂಬರ್ ರಜೆಗೆ ಮೆಕ್ಸಿಕೊದ ಪುಯೆರ್ತೊ ವಯಾರ್ತಾಗೆ ಹೊರಟಿರುವ ಇಬ್ಬರು ಗೆಳೆಯರು ಈ ವಾರ ಕರೆ ಮಾಡಿದ್ದರು. ಇಬ್ಬರದೂ ಒಂದೇ ಪ್ರಶ್ನೆ: ಅಲ್ಲಿ ಏನು ನೋಡಬೇಕು, ಏನು ಕೊಳ್ಳಬೇಕು, ಕತ್ತಲಾದ ಮೇಲೆ ಎಲ್ಲಿಗೆ ಹೋಗಬೇಕು? ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಮಣಿಯ ಕೆಲಸ ಮಾಡುವವರ ಎದುರು ನಿಂತು ಚೌಕಾಸಿ ಮಾಡಬೇಡಿ.

ಕಳೆದ ಫೆಬ್ರುವರಿಯಲ್ಲಿ ಅಮ್ಮ ಸಾಗರದಿಂದ ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬಂದಿದ್ದಾಗ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ನಮ್ಮವರಿಗೆ ಮೆಕ್ಸಿಕೊದ ವೀಸಾ ಬೇರೆ ಬೇಕಾಗುವುದಿಲ್ಲ. ವಿಮಾನ ನಿಲ್ದಾಣದಿಂದ ಹೊರಬರುವಾಗ ಅಚ್ಚುಕಟ್ಟಾಗಿ ಉಡುಪು ತೊಟ್ಟವರು ನಗುತ್ತ ತಡೆದು, ಟ್ಯಾಕ್ಸಿ ಬೇಕೇ, ಅಗ್ಗದ ದೋಣಿ ವಿಹಾರ ಬೇಕೇ ಎಂದು ಕೇಳುತ್ತಾರೆ. ಅವರಲ್ಲಿ ಹೆಚ್ಚಿನವರು ರೆಸಾರ್ಟಿನಲ್ಲಿ ವರ್ಷಕ್ಕಿಷ್ಟು ದಿನ ತಂಗುವ ಪಾಲು, ಅಂದರೆ ಟೈಮ್ ಶೇರ್, ಮಾರುವವರು. ನಿಲ್ಲದೆ ನಡೆಯಿರಿ. ರಸ್ತೆಯ ಮೇಲಿನ ಕಾಲುಸೇತುವೆ ದಾಟಿದರೆ ಟ್ಯಾಕ್ಸಿಯ ದರವೂ ಕಡಿಮೆ.

ಊರು ಬಾಂದೇರಾಸ್ ಕೊಲ್ಲಿಯ ದಂಡೆಯಲ್ಲಿದೆ. ಬೆನ್ನಿಗೆ ಕಾಡು ತುಂಬಿದ ಬೆಟ್ಟ, ಎದುರಿಗೆ ಪೆಸಿಫಿಕ್ ಸಾಗರ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗೂನುಬೆನ್ನಿನ ತಿಮಿಂಗಿಲಗಳು ಈ ಕೊಲ್ಲಿಗೆ ಬಂದು ಮರಿ ಹಾಕುತ್ತವೆ. ಒಂದು ಬೆಳಿಗ್ಗೆಯನ್ನು ಅದಕ್ಕೆಂದೇ ಎತ್ತಿಡಿ, ಸಣ್ಣ ದೋಣಿಯಲ್ಲೇ ಹೋಗಿ. ತಾಯಿಯ ಪಕ್ಕದಲ್ಲಿ ಮರಿ ಉಸಿರು ಬಿಟ್ಟಾಗ ಅಮ್ಮ ಕೈ ಮುಗಿದರು. ವರ್ಷದ ಉತ್ತರಾರ್ಧದಲ್ಲಿ ಹೋಗುವವರಿಗೆ ಆಲಿವ್ ರಿಡ್ಲೆ ಕಡಲಾಮೆಯ ಮರಿಗಳನ್ನು ಸಂಜೆ ಸಮುದ್ರಕ್ಕೆ ಬಿಡುವುದನ್ನು ನೋಡುವ ಅವಕಾಶವಿದೆ. ನಮ್ಮ ಹೊನ್ನಾವರದ ಕಾಸರಕೋಡಿನ ಮರಳಿನಲ್ಲಿ ಮೊಟ್ಟೆಯಿಡುವುದೂ ಇದೇ ಜಾತಿಯ ಆಮೆ. ಲೋಸ್ ಮುಯೆರ್ತೋಸ್ ಕಡಲತೀರದ ದಕ್ಕೆಯಿಂದ ಯೆಲಾಪಾ ಎಂಬ ಹಳ್ಳಿಗೆ ಬಾಡಿಗೆ ದೋಣಿಗಳು ಹೋಗುತ್ತವೆ, ಅದೂ ಚೆಂದ.

ಇನ್ನು ಅಂಗಡಿಗಳ ವಿಷಯ. ಊರ ನಡುವೆ ಕ್ವಾಲೆ ನದಿ ಹರಿಯುತ್ತದೆ, ಅದರ ದಂಡೆಯಲ್ಲಿ ಎರಡು ಅಂತಸ್ತಿನ ಪುರಸಭೆ ಮಾರುಕಟ್ಟೆ ಇದೆ. ಟೋಪಿ, ಅಂಗಿ, ಚೀಲ, ಬಣ್ಣದ ಮಡಕೆಗಳ ರಾಶಿ. ಅಲ್ಲಿ ಚೌಕಾಸಿ ಮಾಮೂಲು, ಮಾರುವವರೂ ಅದನ್ನು ಎಣಿಸಿಯೇ ಬೆಲೆ ಹೇಳುತ್ತಾರೆ. ಬೆಳ್ಳಿ ಕೊಳ್ಳುವವರು 925 ಎಂಬ ಮುದ್ರೆ ಇದೆಯೇ ಎಂದು ನೋಡಬೇಕು. ಕಡಲ ದಂಡೆಯಲ್ಲಿ ಹೊತ್ತು ತರುವ ಸರಗಳು ಎಷ್ಟೋ ಸಲ ‘ಅಲ್ಪಾಕಾ’ ಆಗಿರುತ್ತವೆ. ಅಮ್ಮ ಒಂದನ್ನು ಕೈಯಲ್ಲಿ ಹಿಡಿದ ಕೂಡಲೇ, “ಇದು ಜರ್ಮನ್ ಸಿಲ್ವರ್” ಎಂದರು. ಅವರು ಹೇಳಿದ್ದು ಸರಿ. ಎರಡೂ ಒಂದೇ ಮಿಶ್ರಲೋಹ, ಅದರಲ್ಲಿ ಬೆಳ್ಳಿ ಇರುವುದಿಲ್ಲ.

ಆದರೆ ಮಣಿಯ ಕೆಲಸದ ಮಾತೇ ಬೇರೆ. ಅದನ್ನು ಮಾಡುವವರು ವಿಶಾರಿಕಾ ಜನ, ಹೊರಗಿನವರು ಅವರನ್ನು ಹುಯಿಚೋಲ್ ಎನ್ನುತ್ತಾರೆ. ಹಲಿಸ್ಕೊ, ನಯಾರಿತ್, ದುರಾಂಗೊ ರಾಜ್ಯಗಳ ಬೆಟ್ಟಸಾಲಿನವರು. ಅವರು ಮರುಭೂಮಿಯ ವಿರಿಕೂತಾ ಎಂಬ ಪುಣ್ಯಸ್ಥಳಕ್ಕೆ ಯಾತ್ರೆ ಹೋಗುವ ದಾರಿಯನ್ನು ಯುನೆಸ್ಕೊ 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೋರೆಬುರುಡೆಯ ಅಥವಾ ಮರದ ಮೇಲೆ ಜೇನುಮೇಣ ಬಳಿದು, ಸೂಜಿಯ ಮೊನೆಯಿಂದ ಸಾಸಿವೆಯಷ್ಟು ಸಣ್ಣ ಮಣಿಯನ್ನು ಒಂದೊಂದಾಗಿ ಒತ್ತಿ ಕೂರಿಸುತ್ತಾರೆ. ಜಿಂಕೆ, ಮುಸುಕಿನ ಜೋಳ ಮತ್ತು ಪೆಯೋಟೆ ಎಂಬ ಕಳ್ಳಿ, ಈ ಮೂರೂ ಅವರಿಗೆ ದೈವ. ಬಟ್ಟಲಿನ ಮೇಲೆ ಕಾಣುವುದೂ ಅವೇ. 2010ರಲ್ಲಿ ಈ ಜನರ ಎರಡು ಕುಟುಂಬಗಳು ಒಂದು ಬೀಟಲ್ ಕಾರಿನ ಮೈಮೇಲೆಲ್ಲ 20 ಲಕ್ಷಕ್ಕೂ ಹೆಚ್ಚು ಮಣಿ ಕೂರಿಸಿದ್ದವು. ಏಳು ತಿಂಗಳಿಗೂ ಹೆಚ್ಚು ಕಾಲ ಹಿಡಿದ ಕೆಲಸವದು.

ಅಂಗೈಯಗಲದ ಒಂದು ಬಟ್ಟಲಿನ ಬೆಲೆ ಕೇಳಿ ನಾನು ಅಭ್ಯಾಸಬಲದಿಂದ ಅರ್ಧಕ್ಕೆ ಕೇಳಿದೆ. ಅಮ್ಮ ನನ್ನ ಕೈ ಹಿಡಿದು ತಡೆದರು. ಸಾಗರದ ಸಂತೆಯಲ್ಲಿ ಒಂದು ಕಟ್ಟು ಸೊಪ್ಪಿಗೂ ಬೆಲೆ ಇಳಿಸದೆ ಬಿಡದವರು ನನ್ನ ಅಮ್ಮ. ಆದರೆ ಅವರು ಹುಡುಗಿಯಾಗಿದ್ದಾಗ ಬಾಗಿಲಿಗೆ ಮಣಿಯ ತೋರಣ ಹೆಣೆದವರು. ಒಂದು ಗಿಳಿಯ ಕೊಕ್ಕಿಗೆ ಎಷ್ಟು ಮಧ್ಯಾಹ್ನ ಬೇಕೆಂದು ಅವರಿಗೆ ಗೊತ್ತು. “ಇವರು ಕಣ್ಣು ಸವೆಸಿದ್ದಾರೆ, ಕೇಳಿದಷ್ಟು ಕೊಡು” ಎಂದರು. ಕೊಟ್ಟೆ. ನಾಲ್ಕು ಜನರ ಒಂದು ರಾತ್ರಿಯ ಊಟದ ಬಿಲ್ಲಿಗಿಂತ ಅದು ಕಡಿಮೆಯಿತ್ತು. ಹೋಟೆಲಿಗೆ ಲೆಕ್ಕವಿಡದೆ ಸುರಿಯುವ ನಾವು ಸೂಜಿ ಹಿಡಿದವರ ಎದುರು ಮಾತ್ರ ಜಾಣರಾಗುತ್ತೇವೆ. ಇದು ನನಗೆ ಇಂದಿಗೂ ನೋಯುವ ಸಂಗತಿ. ಚನ್ನಪಟ್ಟಣದಲ್ಲೂ ಕಿನ್ನಾಳದಲ್ಲೂ ನಾವು ಮಾಡುವುದು ಇದನ್ನೇ.

ಫೋಟೊ ತೆಗೆಯುವ ಮುನ್ನ ಕೇಳಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಲಾಸಾರೊ ಕಾರ್ದೆನಾಸ್ ಉದ್ಯಾನದಲ್ಲಿ ನಡೆಯುವ ಶನಿವಾರದ ಸಂತೆಗೆ ತಪ್ಪದೆ ಹೋಗಿ. ತಾವೇ ಬೆಳೆದದ್ದನ್ನು, ತಾವೇ ಮಾಡಿದ್ದನ್ನು ಮಾರುವುದು ಅಲ್ಲಿಯ ಕಟ್ಟಳೆ.

ರಾತ್ರಿಯ ಬಗ್ಗೆ ಕೇಳಿದವರಿಗೆ ನನ್ನ ಉತ್ತರ ಮಾಲೆಕೋನ್. ಕಡಲಿಗೆ ಒತ್ತಿಕೊಂಡು ಸಾಗುವ ಈ ಕಾಲುದಾರಿಯ ಉದ್ದಕ್ಕೂ ಕಂಚಿನ ಶಿಲ್ಪಗಳು, ಆಟವಾಡುವ ಮಕ್ಕಳು, ಹಾಡುಗಾರರು. ಎತ್ತರದ ಕಂಬದ ತುದಿಯಿಂದ ಕಾಲಿಗೆ ಹಗ್ಗ ಕಟ್ಟಿಕೊಂಡು ತಲೆಕೆಳಗಾಗಿ ಸುತ್ತುತ್ತ ಇಳಿಯುವ ಪಾಪಾಂತ್ಲಾ ಊರಿನ ವೊಲಾದೋರ್‌ಗಳು. ಚೌಕದಲ್ಲಿ ಬ್ಯಾಂಡಿನ ಸಂಗೀತಕ್ಕೆ ಹಿರಿಯ ದಂಪತಿಗಳು ಕೈ ಹಿಡಿದು ಕುಣಿಯುತ್ತಿದ್ದರು, ಅಮ್ಮ ಒಂದು ಗಂಟೆ ಕುಳಿತು ನೋಡಿದರು. ಸೋರೆಬುರುಡೆಯಿಂದ ‘ತೂಬಾ’ ಎಂಬ ಪಾನೀಯ ಸುರಿದು, ಮೇಲೆ ಸೇಬಿನ ಚೂರು ಹಾಕಿ ಕೊಡುತ್ತಾರೆ. ತೆಂಗಿನ ಮರದ ರಸ, ನಮ್ಮ ‘ನೀರಾ’ ಪಾನೀಯದ ಸೋದರ. ಶತಮಾನಗಳ ಹಿಂದೆ ಫಿಲಿಪೀನ್ಸ್‌ನಿಂದ ಹಡಗಿನಲ್ಲಿ ಬಂದವರು ತಂದ ವಿದ್ಯೆಯಂತೆ. ಸಸ್ಯಾಹಾರಿಗಳು ಬೀನ್ಸ್ ಕಾಳಿನ ಪಲ್ಯ ತಿನ್ನುವ ಮುನ್ನ ‘ಸಿನ್ ಮಾಂತೇಕಾ’ ಎಂದು ಹೇಳಬೇಕು, ಹಂದಿಯ ಕೊಬ್ಬು ಬೇಡ ಎಂದು ಅರ್ಥ.

ಕುಣಿಯಬೇಕೆನ್ನುವ ಯುವಕರಿಗೆ ಮಾಲೆಕೋನಿನ ಉತ್ತರದ ತುದಿಯಲ್ಲಿ ಕ್ಲಬ್ಬುಗಳಿವೆ, ಅವು ಬಿಸಿಯೇರುವುದು ಹನ್ನೊಂದರ ಮೇಲೆ. ನದಿಯಾಚೆಯ ಸೋನಾ ರೊಮಾಂತಿಕಾ ಎಂಬ ಬಡಾವಣೆ ಮೆಕ್ಸಿಕೊದ ಸಲಿಂಗಿಗಳಿಗೆ ತವರಿದ್ದಂತೆ. ಇಬ್ಬರು ಗಂಡಸರು ಕೈ ಹಿಡಿದು ನಿರ್ಭಯವಾಗಿ ನಡೆಯುವ ಬೀದಿ ಅದು. ಬೆಂಗಳೂರಿನ ನನ್ನೊಬ್ಬ ಗೆಳೆಯನಿಗೆ ಆ ಬೀದಿಯನ್ನು ತೋರಿಸಬೇಕೆಂಬ ಆಸೆ ನನಗಿದೆ.

ಕೊನೆಗೊಂದು ಸೂಚನೆ, ಬಟ್ಟಲು ಕೊಳ್ಳುವವರಿಗೆ. ಮೇಣ ಬಿಸಿಲಿಗೆ ಕರಗುತ್ತದೆ, ಕಾರಿನಲ್ಲಿ ಬಿಟ್ಟರೆ ಮಣಿಗಳು ಜಾರುತ್ತವೆ. ಮಾರಿದ ಹೆಣ್ಣುಮಗಳು ಸೂರ್ಯನತ್ತ ಬೆರಳು ತೋರಿಸಿ ತಲೆಯಾಡಿಸಿದ್ದೇ ಸಾಕಾಯಿತು, ಅಮ್ಮನಿಗೆ ಎಲ್ಲವೂ ಅರ್ಥವಾಯಿತು. ಹತ್ತಿಯ ಸೀರೆಯಲ್ಲಿ ಸುತ್ತಿ, ವಿಮಾನದಲ್ಲಿ ಉದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡು ತಂದರು.