ಮೂರು ಚಂದ್ರರ ಯುಗಾದಿ

ಕಳೆದ ವರ್ಷದ ಯುಗಾದಿಯ ಸಂಜೆ ಅಪ್ಪ, ಅಮ್ಮ ಮತ್ತು ನಾನು ತಾರಸಿಯ ಮೇಲೆ ನಿಂತು ಚಂದ್ರನನ್ನು ಹುಡುಕುತ್ತಿದ್ದಾಗ ಮೊದಲು ಕಂಡವನು ನಾನೇ. "ಅಗೋ, ಆ ತೆಂಗಿನ ಗರಿಯ ತುದಿಗೆ ನೇರವಾಗಿ, ಒಂದರ ಕೆಳಗೊಂದು ಮೂರು" ಎಂದೆ. ಅಪ್ಪ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಮೊದಲು ಆಕಾಶವನ್ನೂ ಅನಂತರ ಅಷ್ಟೇ ಗಮನವಿಟ್ಟು ನನ್ನನ್ನೂ ನೋಡಿದರು. ಹಬ್ಬದ ದಿನವೇ ಮಗ ಎಲ್ಲಿಯೋ ಏನನ್ನೋ ಕುಡಿದು ಬಂದಿದ್ದಾನೆಂಬ ಅನುಮಾನ ಅವರಿಗೆ ಬಂದದ್ದು ಸಹಜವೇ; ಆದರೆ ಅಮ್ಮ ಹಣೆ ಮುಟ್ಟಿ ನೋಡುವ ನೆಪದಲ್ಲಿ ಹತ್ತಿರ ಬಂದು ನನ್ನ ಉಸಿರಿನ ವಾಸನೆ ನೋಡಿದ್ದನ್ನು ನಾನು ಇನ್ನೂ ಮರೆತಿಲ್ಲ. ಎಡಗಣ್ಣು ಮುಚ್ಚಿದರೆ ಮೂರು ಚಂದ್ರ, ಬಲಗಣ್ಣು ಮುಚ್ಚಿದರೆ ಬಾಲವಿರುವ ಒಂದೇ ಚಂದ್ರ ಎಂಬ ಲೆಕ್ಕ ಬಯಲಾದ ಮೇಲೆಯೇ, ತಪ್ಪು ಚಂದ್ರನದೂ ಅಲ್ಲ, ನನ್ನ ನಡತೆಯದೂ ಅಲ್ಲ, ಕಣ್ಣಿನದು ಎಂದು ಮನೆಯಲ್ಲಿ ತೀರ್ಮಾನವಾಯಿತು.

ಕಣ್ಣಿನ ವೈದ್ಯರು ಅದಕ್ಕೆ ಕೆರಟೋಕೋನಸ್ ಎಂದು ಹೆಸರು ಹೇಳಿದರು. ಕಣ್ಣಿನ ಕಪ್ಪು ಭಾಗದ ಮುಂದೆ ಕೈಗಡಿಯಾರದ ಗಾಜಿನಂತೆ ಕೂತಿರುವ ಕಾರ್ನಿಯಾ ಎಂಬ ಪಾರದರ್ಶಕ ಪದರವು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ದಪ್ಪವಾಗಿದ್ದು ನಯವಾದ ಗುಮ್ಮಟದಂತಿರುತ್ತದೆ. ನನ್ನದು ತೆಳ್ಳಗಾಗಿ, ಮುಂದಕ್ಕೆ ಉಬ್ಬಿ, ಶಂಕುವಿನ ಆಕಾರಕ್ಕೆ ತಿರುಗಿತ್ತು. ಯಂತ್ರವೊಂದರ ಮೇಲೆ ಗಲ್ಲವಿರಿಸಿ ತೆಗೆಸಿದ ಬಣ್ಣದ ನಕ್ಷೆಯಲ್ಲಿ ಬಲಗಣ್ಣಿನ ಕೆಳಭಾಗವು ಮೇ ತಿಂಗಳ ಕಲಬುರಗಿಯಂತೆ ಕೆಂಪಗೆ ಉರಿಯುತ್ತಿತ್ತು. "ಕಣ್ಣುಜ್ಜುವ ಅಭ್ಯಾಸ ಇದೆಯೇ?" ಎಂದು ವೈದ್ಯರು ಕೇಳಿದ್ದು ನನ್ನನ್ನು, ಉತ್ತರ ಬಂದದ್ದು ಅಮ್ಮನಿಂದ. "ಉಜ್ಜೋದೇ ಡಾಕ್ಟ್ರೇ? ಚಪಾತಿ ಹಿಟ್ಟು ನಾದಿದ ಹಾಗೆ ನಾದ್ತಾನೆ. ಇಪ್ಪತ್ತು ವರ್ಷದಿಂದ ಬಡ್ಕೊಳ್ತಾ ಇದೀನಿ." ಪಕ್ಕದ ಖಾಲಿ ಸೈಟಿನ ತುಂಬ ಬೆಳೆದ ಕಾಂಗ್ರೆಸ್ ಗಿಡದಿಂದ ಬರುವ ಅಲರ್ಜಿ, ಅದರಿಂದ ಹುಟ್ಟುವ ತುರಿಕೆ, ತುರಿಕೆಯಿಂದ ಉಜ್ಜಾಟ ಎಂಬ ನನ್ನ ವಾದಸರಣಿಯನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಉಬ್ಬುವಿಕೆ ಮುಂದುವರಿಯದಂತೆ ತಡೆಯಲು ಕ್ರಾಸ್‌ಲಿಂಕಿಂಗ್ ಮಾಡಬೇಕೆಂದರು. ಜರ್ಮನಿಯ ಡ್ರೆಸ್ಡೆನ್ ನಗರದ ಸಂಶೋಧಕರು 1990ರ ದಶಕದಲ್ಲಿ ರೂಪಿಸಿ, ರೋಗಿಗಳ ಮೇಲಿನ ಮೊದಲ ಫಲಿತಾಂಶಗಳನ್ನು 2003ರಲ್ಲಿ ಪ್ರಕಟಿಸಿದ ಚಿಕಿತ್ಸೆ ಇದು. ಕಣ್ಣಿಗೆ ರೈಬೋಫ್ಲೇವಿನ್ ಹನಿ ಹಾಕಿ, ಅದರ ಮೇಲೆ ಅತಿನೇರಳೆ ಕಿರಣ ಬಿಟ್ಟರೆ, ಕಾರ್ನಿಯಾದೊಳಗಿನ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆಗಳು ಹುಟ್ಟಿ, ಜೋತುಬಿದ್ದ ಮಂಚದ ನವಾರಿಗೆ ಅಡ್ಡಪಟ್ಟಿ ಹೆಣೆದಂತೆ ಇಡೀ ಪದರ ಬಿಗಿಯಾಗುತ್ತದೆ. ರೈಬೋಫ್ಲೇವಿನ್ ಎಂದರೆ ಬಿ2 ಜೀವಸತ್ವವೇ, ಬಾಯಿಹುಣ್ಣಿಗೆ ನುಂಗುವ ಬಿ-ಕಾಂಪ್ಲೆಕ್ಸ್ ಮಾತ್ರೆಯಲ್ಲಿರುವುದೂ ಅದೇ, ಒಡೆದ ಹಾಲಿನ ನೀರಿಗೆ ಹಸುರು ಬೆರೆತ ಹಳದಿ ಬಣ್ಣ ಬರುವುದೂ ಅದರಿಂದಲೇ ಎಂದು ವೈದ್ಯರು ಸಮಾಧಾನವಾಗಿ ವಿವರಿಸಿದರು. ಅದೇ ಅವರು ಮಾಡಿದ ತಪ್ಪು. "ಹಾಗಿದ್ದರೆ ಮಾತ್ರೆ ನುಂಗಿಸಿ ಇವನನ್ನು ಬಿಸಿಲಲ್ಲಿ ನಿಲ್ಲಿಸಿದರೆ ಸಾಲದೇ?" ಎಂದು ಅಪ್ಪ ಕೇಳಿದ ಪ್ರಶ್ನೆಯಲ್ಲಿ ವಿಜ್ಞಾನಕ್ಕಿಂತ ಮಿತವ್ಯಯವೇ ಹೆಚ್ಚಾಗಿತ್ತು. ಚಿಕಿತ್ಸೆಯಿಂದ ದೃಷ್ಟಿ ಇದ್ದಲ್ಲಿಯೇ ನಿಲ್ಲುತ್ತದೆಯೇ ಹೊರತು ಚಂದ್ರರ ಸಂಖ್ಯೆ ಕಡಿಮೆಯಾಗುತ್ತದೆಂಬ ಭರವಸೆ ಇಲ್ಲವೆಂದು ವೈದ್ಯರು ಮೊದಲೇ ಸ್ಪಷ್ಟಪಡಿಸಿದ್ದರು. ಅದು ನನಗೆ ಅರ್ಥವಾಗಿತ್ತು, ಅಮ್ಮನಿಗೆ ಅರ್ಥವಾಗುವುದು ಬೇಕಿರಲಿಲ್ಲ.

ಈ ವರ್ಷದ ಯುಗಾದಿಗೆ ಒಂಬತ್ತು ದಿನ ಮೊದಲು ಬಲಗಣ್ಣಿಗೆ ಮುಹೂರ್ತ ನಿಗದಿಯಾಯಿತು. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆ ಮುಚ್ಚದಂತೆ ತಂತಿಯ ಸಾಧನವೊಂದನ್ನು ಸಿಕ್ಕಿಸಿ, ಕಾರ್ನಿಯಾದ ಹೊರಪದರವನ್ನು ಕೆರೆದು ತೆಗೆದು, ಅರ್ಧ ಗಂಟೆ ಹಳದಿ ಹನಿ ಹಾಕಿದರು. ಬಳಿಕ ಅರ್ಧ ಗಂಟೆ ನೀಲಿ ಬೆಳಕು. ಹತ್ತೇ ನಿಮಿಷದಲ್ಲಿ ಮುಗಿಸುವ ವೇಗದ ವಿಧಾನವೂ ಇದೆಯಂತೆ, ನನ್ನ ಪಾಲಿಗೆ ಪ್ಯಾಸೆಂಜರ್ ಗಾಡಿ ಬಂದಿತ್ತು. "ಬೆಳಕಿನ ನಡುವೆ ಇರುವ ಚುಕ್ಕಿಯನ್ನೇ ನೋಡುತ್ತಿರಿ, ಅಲುಗಾಡಬೇಡಿ" ಎಂದರು ವೈದ್ಯರು. "ಯಾವ ಚುಕ್ಕಿ ಡಾಕ್ಟ್ರೇ? ನಾಲ್ಕು ಕಾಣುತ್ತಿವೆ" ಎಂದೆ. ಅವರು ಕ್ಷಣಕಾಲ ಸುಮ್ಮನಿದ್ದು, "ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಿ, ಆಮೇಲೆ ಬದಲಾಯಿಸಬೇಡಿ" ಎಂದರು. ಮುಗಿದ ಮೇಲೆ ಗಾಯದ ಮೇಲೆ ಪಟ್ಟಿಯಂತೆ ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಒಂದನ್ನು ಕೂರಿಸಿ, ಕಪ್ಪು ಕನ್ನಡಕ ತೊಡಿಸಿ, ಎರಡು ಮೂರು ದಿನ ನೋವಿರುತ್ತದೆ, ಬೆಳಕು ಚುಚ್ಚುತ್ತದೆ ಎಂದು ಹೇಳಿ ಕಳುಹಿಸಿದರು.

"ಚುಚ್ಚುತ್ತದೆ" ಎಂಬುದು ಬಹಳ ಸಭ್ಯವಾದ ಕ್ರಿಯಾಪದ. ಮರಗಟ್ಟಿಸಿದ ಹನಿಯ ಪ್ರಭಾವ ಇಳಿದಾಗ, ಬಾಲ್ಯದ ಅಭ್ಯಂಜನಗಳಲ್ಲಿ ಕಣ್ಣಿಗೆ ಬಿದ್ದ ಸೀಗೆಪುಡಿಯೆಲ್ಲವೂ ಒಟ್ಟಾಗಿ ಬಡ್ಡಿಸಮೇತ ಮರಳಿ ಬಂದಿತು. ಇದರ ಮೇಲೆ ಇನ್ನೊಂದು ಸಂಗತಿ ನನಗೆ ಗೊತ್ತಿರಲಿಲ್ಲ: ಒಂದು ಕಣ್ಣಿಗೆ ಬೆಳಕು ಬಿದ್ದರೆ ಎರಡೂ ಕಣ್ಣಿನ ಪಾಪೆಗಳು ಒಟ್ಟಿಗೇ ಕುಗ್ಗುತ್ತವೆ. ಆದ್ದರಿಂದ ಬಲಗಣ್ಣನ್ನು ಎಷ್ಟೇ ಭದ್ರವಾಗಿ ಮುಚ್ಚಿಕೊಂಡರೂ, ಆರೋಗ್ಯವಾಗಿದ್ದ ಎಡಗಣ್ಣು ತೆರೆದೊಡನೆ ಬಲಗಣ್ಣಿನಲ್ಲಿ ನೋವು. ಅವಿಭಕ್ತ ಕುಟುಂಬದಲ್ಲಿ ತಮ್ಮ ಮಾಡಿದ ತಪ್ಪಿಗೆ ಅಣ್ಣ ಬೈಸಿಕೊಳ್ಳುವ ಪದ್ಧತಿ ಮುಖದ ಮೇಲೂ ಇದೆಯೆಂದು ನನಗೆ ತಿಳಿದದ್ದು ಆಗಲೇ.

ನನ್ನ ಕೋಣೆಯ ಕಿಟಕಿಯೆದುರಿನ ಬೀದಿದೀಪ ಹನ್ನೊಂದು ತಿಂಗಳಿಂದ ಕೆಟ್ಟಿತ್ತು. ಅದನ್ನು ಸರಿಪಡಿಸುವಂತೆ ಸಂಬಂಧಪಟ್ಟವರಿಗೆ ಮೂರು ಸಲ ಅರ್ಜಿ ಬರೆದು, ಬೀದಿಯವರಿಂದಲೆಲ್ಲ ಸಹಿ ಹಾಕಿಸಿ, ಖುದ್ದಾಗಿ ಒಯ್ದು ಕೊಟ್ಟವನು ನಾನೇ. ನಾನು ಆಸ್ಪತ್ರೆಯಿಂದ ಮರಳಿದ ದಿನ ಸಂಜೆ ಆರೂವರೆಗೆ ಅಲ್ಲಿ ಹೊಚ್ಚ ಹೊಸ ಎಲ್ಇಡಿ ದೀಪ ಬೆಳಗಿತು. ಮಧ್ಯಾಹ್ನದ ಸೂರ್ಯ ರಾತ್ರಿ ಪಾಳಿಗೂ ಬಂದಂತಿದ್ದ ಆ ಬೆಳಕಿಗೆ ಪರದೆ ಸಾಲದೆ, ಅದರ ಮೇಲೆ ಹಳೆಯ ಬೆಡ್‌ಶೀಟು, ಅದರ ಮೇಲೆ ಅಜ್ಜನ ಕಾಲದ ಕಂಬಳಿ ಹಾಕಬೇಕಾಯಿತು. ಬೀದಿಯ ನಾಲ್ಕು ಮಂದಿ ಹಿರಿಯರು ನನಗೆ ಕೃತಜ್ಞತೆ ಸಲ್ಲಿಸಲು ಮನೆಗೇ ಬಂದರು. ನಾನು ಗೌರವದಿಂದ ಕಪ್ಪು ಕನ್ನಡಕ ತೆಗೆದು, ಕೆಂಪಗೆ ಊದಿಕೊಂಡು ನೀರು ಸುರಿಸುತ್ತಿದ್ದ ಕಣ್ಣಿನಿಂದ ಅವರನ್ನು ನೋಡಿದೆ. ಹಾರ ತಂದಿದ್ದವರು ಅದನ್ನು ಬಾಗಿಲ ಚಿಲಕಕ್ಕೆ ಹಾಕಿ ಹೊರಟುಹೋದರು.

ಮರುದಿನ ಬೆಳಗಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಮದ್ರಾಸ್ ಐ ಇದೆಯೆಂಬ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು. ಮುಟ್ಟಿದ ಕೈಯಿಂದಲೋ ಟವಲಿನಿಂದಲೋ ಹರಡುವ ಆ ಕಾಯಿಲೆಯು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೇ ಅಂಟುತ್ತದೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಎದುರುಮನೆಯ ನಿವೃತ್ತ ಮೇಷ್ಟ್ರು ಅಪ್ಪನ ಕುಶಲ ವಿಚಾರಿಸುವಾಗ ಕಾಂಪೌಂಡಿನ ಗೋಡೆಗೆ ಮುಖ ಮಾಡಿ ಮಾತನಾಡಿದರು. ಹಾಲಿನ ಹುಡುಗ ಪ್ಯಾಕೆಟ್ಟನ್ನು ಗೇಟಿನ ಮೇಲಿಂದ ಎಸೆಯತೊಡಗಿದ. ಕೆಳಗಿನ ಮನೆಯ ಮಾಲೀಕರು ಮಾತ್ರ ಫೋನು ಮಾಡಿ, ಬಾಡಿಗೆಯನ್ನು ಕೈಗೆ ಕೊಡುವುದು ಬೇಡ, ಬ್ಯಾಂಕಿಗೆ ಕಳುಹಿಸಿದರೆ ಸಾಕು ಎಂದು ಆತ್ಮೀಯವಾಗಿ ತಿಳಿಸಿದರು.

ಹೊರಗಿನ ಬೆಳಕನ್ನು ಕಂಬಳಿಯಿಂದ ತಡೆಯಬಹುದು. ಮನೆಯೊಳಗಿನ ಬೆಳಕು ಎಷ್ಟಿದೆಯೆಂದು ಕಾಣುವುದು ದೀಪ ಆರಿಸಿದ ಮೇಲೆಯೇ. ಟಿವಿಯ ಕೆಂಪು ಚುಕ್ಕಿ, ಇನ್ವರ್ಟರಿನ ಹಸುರು ಚುಕ್ಕಿ, ಇಂಟರ್ನೆಟ್ಟಿನ ಪೆಟ್ಟಿಗೆಯ ಮಿಣುಕು, ಸೊಳ್ಳೆಬತ್ತಿಯ ಯಂತ್ರದ ಕಿಡಿ, ಎಲ್ಲವೂ ಕತ್ತಲಲ್ಲಿ ನನ್ನನ್ನೇ ದಿಟ್ಟಿಸುತ್ತಿದ್ದವು. ಅಮ್ಮ ತಮ್ಮ ಸ್ಟಿಕ್ಕರ್ ಬೊಟ್ಟಿನ ಹಾಳೆ ತಂದು, ದೀಪವಿದ್ದ ಜಾಗಕ್ಕೆಲ್ಲ ಒಂದೊಂದು ಕುಂಕುಮ ಬಣ್ಣದ ಬೊಟ್ಟು ಅಂಟಿಸಿದರು. ಒಂದೇ ರಾತ್ರಿಯಲ್ಲಿ ನಮ್ಮ ಮನೆಯ ಯಂತ್ರಗಳೆಲ್ಲ ಮುತ್ತೈದೆಯರಾದವು. ಮೂರನೆಯ ದಿನ ಟಿವಿ ರಿಮೋಟಿನ ಮಾತು ಕೇಳುವುದನ್ನು ನಿಲ್ಲಿಸಿತು. ಅಪ್ಪ ರಿಮೋಟಿನ ಸೆಲ್ಲು ಬದಲಾಯಿಸಿ, ಅಂಗೈಗೆ ಬಡಿದು, ಹೊಸ ರಿಮೋಟನ್ನೂ ತಂದು ನೋಡಿದ ಮೇಲೆ ಮೆಕ್ಯಾನಿಕ್ಕನನ್ನು ಕರೆಸಿದರು. ಅವನು ಟಿವಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಉಗುರಿನಿಂದ ಬೊಟ್ಟು ಕಿತ್ತು, ಅದನ್ನು ಮರ್ಯಾದೆಯಿಂದ ಅಮ್ಮನ ಕೈಗೆ ಕೊಟ್ಟು ಮುನ್ನೂರು ರೂಪಾಯಿ ತೆಗೆದುಕೊಂಡು ಹೋದ.

ಅನಂತರ ಫ್ರಿಜ್ಜು. ಕಣ್ಣೀರಿನ ಬದಲಿಗೆ ಹಾಕುವ ಹನಿಯನ್ನು ತಣ್ಣಗಿಟ್ಟರೆ ಹಿತವೆಂದು ಅದರ ಬಾಗಿಲಲ್ಲಿ ಇರಿಸಿದ್ದೆವು. ರಾತ್ರಿ ಎರಡು ಗಂಟೆಗೆ ಗೋಡೆ ಸವರುತ್ತ ಹೋಗಿ ಬಾಗಿಲೆಳೆದಾಗ ಹೊರಬಿದ್ದ ಬೆಳಕಿಗೆ ನಾನು ಹಾಕಿದ ಕೂಗು ಕೇಳಿ, ಕಳ್ಳ ಬಂದನೆಂದು ಅಪ್ಪ ಕೊಡೆ ಹಿಡಿದು ಓಡಿ ಬಂದರು. ಬೆಳಗ್ಗೆ ಬಲ್ಬನ್ನೇ ಬಿಚ್ಚಿಟ್ಟರು. ಅದರ ಮಾರನೆಯ ದಿನ ಅಮ್ಮ ಆ ಕತ್ತಲ ಗುಹೆಗೆ ಕೈ ಹಾಕಿ, ಹಾಲಿನ ಪಾತ್ರೆಯೆಂದು ಮಜ್ಜಿಗೆಯ ಪಾತ್ರೆಯನ್ನು ತೆಗೆದು, ಕುದಿಯುತ್ತಿದ್ದ ಹಾಲಿಗೆ ಸುರಿದರು. ಒಡೆದ ಹಾಲಿನ ಮೇಲೆ ತೇಲಿ ಬಂದ ಹಳದಿ ನೀರನ್ನು ಅಪ್ಪ ಬಹಳ ಹೊತ್ತು ನೋಡಿ, "ನಿನ್ನ ಕಣ್ಣಿಗೆ ಹಾಕಿದ್ದು ಇದೇ ಅಲ್ಲವೇ? ಇದಕ್ಕೆ ಅಷ್ಟು ದುಡ್ಡು ತಗೊಂಡರೇ?" ಎಂದರು. ಕಾಫಿಯಿಲ್ಲದ ಬೆಳಗಿನಲ್ಲಿ ಯಾರೂ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ.

ಹನಿ ಹಾಕುವ ಖಾತೆ ಅಪ್ಪನದು. ಸೋಂಕು ತಡೆಯುವ ಹನಿ, ಊತ ಇಳಿಸುವ ಸ್ಟೀರಾಯ್ಡ್ ಹನಿ, ಕಣ್ಣು ಒಣಗದಂತೆ ಕಾಯುವ ಹನಿ, ಹೀಗೆ ಮೂರು ಸೀಸೆಗಳು, ಮೂರೂ ಒಂದೇ ಗಾತ್ರದವು, ಒಂದಾದ ಮೇಲೆ ಇನ್ನೊಂದಕ್ಕೆ ಐದು ನಿಮಿಷದ ಅಂತರ. ಅಪ್ಪ ವೇಳಾಪಟ್ಟಿ ಬರೆದು ಗೋಡೆಗಂಟಿಸಿ, ಸೀಸೆಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಅರ್ಧ ದಿನ ಅತ್ಯಂತ ಶಿಸ್ತಿನಿಂದ ಎಡಗಣ್ಣಿಗೆ ಹನಿ ಹಾಕಿದರು. ಎದುರಿಗೆ ನಿಂತವರ ಬಲ ತನಗೆ ಎಡವಾಗುತ್ತದೆಂಬ ತತ್ತ್ವವನ್ನು ಅವರು ಎರಡು ಸಲ ಅನ್ವಯಿಸಿ ಮೊದಲಿದ್ದಲ್ಲಿಗೇ ಬಂದಿದ್ದರು. ಕಣ್ಣು ಬಿಡಲಾಗದೆ ಮಲಗಿದ್ದ ನಾನೂ ತಂಪಾಯಿತೆಂದು ಸುಮ್ಮನಿದ್ದೆ. ಆ ಬಳಿಕ ಅಮ್ಮ ನನ್ನ ಬಲಗೆನ್ನೆಗೆ ಮಸಿಯಿಂದ ಒಂದು ಗುರುತು ಹಾಕಿದರು. ಕಣ್ಣಿಗೆ ಹಾಕಿದ ಹನಿ ಕಣ್ಣೀರಿನ ನಾಳದ ಮೂಲಕ ಗಂಟಲಿಗಿಳಿಯುತ್ತದೆ, ಕಹಿಯಾಗಿಯೂ ಇರುತ್ತದೆ. ಆದ್ದರಿಂದ ಯುಗಾದಿಯ ಬೆಳಗ್ಗೆ ಬೇವುಬೆಲ್ಲ ಕೊಡಲು ಬಂದ ಅಮ್ಮನಿಗೆ, ಬೇವಿನ ಪಾಲನ್ನು ವಾರವಿಡೀ ಕಣ್ಣಿನ ಮೂಲಕವೇ ಸೇವಿಸಿದ್ದೇನೆ, ಬೆಲ್ಲವನ್ನಷ್ಟೇ ಕೊಡು ಎಂದು ನ್ಯಾಯಬದ್ಧವಾಗಿಯೇ ಕೇಳಿದೆ. ಕೊಡಲಿಲ್ಲ.

ಇಷ್ಟೆಲ್ಲದರ ನಡುವೆ ನನಗೆ ಸಂತೋಷ ಕೊಟ್ಟದ್ದು ಕರೆಂಟು ಹೋಗುತ್ತಿದ್ದ ಹೊತ್ತು. ಬೀದಿಯೆಲ್ಲ "ಅಯ್ಯೋ" ಎನ್ನುವಾಗ ನಮ್ಮ ಮನೆಯ ಒಂದು ಕೋಣೆಯಿಂದ ಮಾತ್ರ "ಅಬ್ಬಾ" ಎಂಬ ಧ್ವನಿ ಕೇಳಿಸುತ್ತಿತ್ತು.

ಐದನೆಯ ದಿನ ಲೆನ್ಸ್ ತೆಗೆಸಲು ಹೊರಟದ್ದು ನಡುಹಗಲಿನಲ್ಲಿ. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಅದರ ಮೇಲೆ ಮುಖ ಮುಚ್ಚುವಂತೆ ಟವಲು. ಒಂದು ರಟ್ಟೆಯನ್ನು ಅಪ್ಪ, ಇನ್ನೊಂದನ್ನು ಅಮ್ಮ ಹಿಡಿದು ಆಟೋ ಹತ್ತಿಸಿದರು. ಟವಲಿನ ಒಳಗಿದ್ದ ನನಗೆ ಆ ದೃಶ್ಯ ಹೊರಗಿನಿಂದ ಹೇಗೆ ಕಾಣುತ್ತದೆಂದು ಹೊಳೆಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಚಾಲಕ ಕನ್ನಡಿಯಲ್ಲಿ ನೋಡುತ್ತ, "ಏನ್ ಕೇಸು ಸಾರ್?" ಎಂದು ಅಪ್ಪನನ್ನು ಕೇಳಿದ. "ಕಣ್ಣಿಂದು" ಎಂದರು ಅಪ್ಪ. "ಯಾರ ಕಣ್ಣು ತೆಗ್ದ?" ಎಂದ. ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದ ಮೇಲೆ ಅವನು ಮೀಟರಿಗಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೇಳಲಿಲ್ಲವೆಂಬುದನ್ನು ಅಪ್ಪ ಇಂದಿಗೂ ಹೇಳಿಕೊಳ್ಳುತ್ತಾರೆ. ಹೊರಪದರ ಮತ್ತೆ ಬೆಳೆದಿದೆ, ಲೆನ್ಸ್ ಇನ್ನು ಬೇಡ, ಮಂಜು ಮಂಜಾಗಿ ಕಾಣುವುದು ಕೆಲವು ವಾರ ಇರುತ್ತದೆ, ಕಣ್ಣಿಗೆ ನೀರು ಬೀಳಿಸಬೇಡಿ, ಸತ್ತರೂ ಉಜ್ಜಬೇಡಿ ಎಂದು ವೈದ್ಯರು ಹೇಳಿದರು. ಕೊನೆಯ ಮಾತನ್ನು ಅವರು ಅಮ್ಮನ ಕಡೆ ತಿರುಗಿ ಹೇಳಿದ್ದರಿಂದ, ಅಂದಿನಿಂದ ನನ್ನ ಕೈ ಮೂಗಿನ ಮಟ್ಟ ದಾಟಿದರೆ ಅಡುಗೆಮನೆಯಿಂದ ಸೌಟಿನ ಸದ್ದು ಕೇಳಿಸುತ್ತದೆ.

ನೀರು ಬೀಳಿಸಬಾರದು, ಆದರೆ ಯುಗಾದಿಗೆ ಎಣ್ಣೆ ನೀರು ಹಾಕಿಕೊಳ್ಳದೆ ಇರಬಾರದು. ಈ ಎರಡು ಶಾಸ್ತ್ರಗಳ ನಡುವೆ ಅಮ್ಮ ಕಂಡುಕೊಂಡ ಪರಿಹಾರವೆಂದರೆ, ನನ್ನನ್ನು ಬಚ್ಚಲಲ್ಲಿ ಸ್ಟೂಲಿನ ಮೇಲೆ ಹಿಂದಕ್ಕೆ ಬಾಗಿಸಿ ಕೂರಿಸಿ, ಕಣ್ಣಿನ ಮೇಲೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಮುಚ್ಚಳವಿಟ್ಟು ಪಟ್ಟಿ ಅಂಟಿಸಿ, ನೆತ್ತಿಗೆ ಮೂರೇ ಮೂರು ಹನಿ ಎಣ್ಣೆ ಇಟ್ಟು, ಹಿಂದಿನಿಂದ ಚೊಂಬಿನಲ್ಲಿ ನೀರು ಹೊಯ್ಯುವುದು. ಸೀಗೆಪುಡಿಯನ್ನು ನನ್ನ ಒತ್ತಾಯದ ಮೇರೆಗೆ ಕೈಬಿಡಲಾಯಿತು. ಕಣ್ಣಿಗೆ ಒಂದು ಹನಿಯೂ ಬೀಳಲಿಲ್ಲ, ಕಿವಿಗಳೆರಡೂ ತುಂಬಿದವು. ಕಿವಿಗೂ ಹನಿ ಬರೆಸಿಕೊಂಡು ಬಂದದ್ದು ಬೇರೆಯ ಕಥೆ, ಗೋಡೆಯ ವೇಳಾಪಟ್ಟಿಯಲ್ಲಿ ನಾಲ್ಕನೆಯ ಕಾಲಮ್ಮು.

ಪಾಡ್ಯದ ದಿನ ಮೋಡವಿತ್ತು. ಬಿದಿಗೆಯ ಸಂಜೆ ಮೂವರೂ ತಾರಸಿಗೆ ಹೋದೆವು. ಒಂಬತ್ತು ಹತ್ತು ದಿನಗಳಲ್ಲಿ ನಾನು ಕಪ್ಪು ಕನ್ನಡಕವಿಲ್ಲದೆ ಬಯಲಿಗೆ ಬಂದದ್ದು ಅದೇ ಮೊದಲು. ಸೂರ್ಯ ಮುಳುಗಿ, ಬೀದಿದೀಪ ಹತ್ತಲು ಇನ್ನೂ ಸ್ವಲ್ಪ ಹೊತ್ತಿತ್ತು; ಆಕಾಶದಲ್ಲಿ ಇದ್ದ ಬೆಳಕೆಂದರೆ ಆ ಉಗುರಿನ ಚೂರಿನಷ್ಟೇ, ಅದು ನನ್ನನ್ನು ಸ್ವಲ್ಪವೂ ನೋಯಿಸಲಿಲ್ಲ. ಅಮ್ಮ ಬಂದು ತಮ್ಮ ಅಂಗೈಯಿಂದ ನನ್ನ ಎಡಗಣ್ಣು ಮುಚ್ಚಿ, "ಈಗ ಹೇಳು, ಎಷ್ಟು?" ಎಂದರು. ಬಲಗಣ್ಣಿನ ಮಂಜಿನಲ್ಲಿ ತೆಂಗಿನ ಗರಿಯೇ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಅದರ ಪಕ್ಕದಲ್ಲಿ, ಹತ್ತಿಯಲ್ಲಿ ಸುತ್ತಿಟ್ಟಂತೆ, ಒಂದರ ಕೆಳಗೊಂದು ಇದ್ದವು. ಎಣಿಸಿದೆ.

"ಮೂರೇ. ಹೆಚ್ಚಾಗಿಲ್ಲ."

"ಸರಿ, ಮೂರಕ್ಕೂ ನಮಸ್ಕಾರ ಮಾಡು" ಎಂದರು ಅಮ್ಮ. ಮಾಡುತ್ತಿರುವಾಗಲೇ ಬೀದಿದೀಪ ಹತ್ತಿತು.